ಪೆಟ್ರೋಲ್ ಟಾಕಿ ಮೊದಲು, ಬಣ್ಣ ಕೊನೆಗೆ: ನಿಂತು ಕೆಟ್ಟ ಯೆಜ್ಡಿಯನ್ನು ಮನೆಯಲ್ಲೇ ಎಬ್ಬಿಸುವ ಬಗೆ

ಗಾಡಿ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆ ಮನೆಗಳಲ್ಲಿ ಜೋಳದ ಚೀಲಗಳ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ ಹದಿನೈದು ಇಪ್ಪತ್ತು ವರ್ಷದಿಂದ ನಿಂತ ಯೆಜ್ಡಿ ಬೈಕುಗಳು ಇನ್ನೂ ಇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ, ಮೊದಲು ಜಾವಾ ಎಂತಲೂ ಆಮೇಲೆ ಯೆಜ್ಡಿ ಎಂತಲೂ ಹೊರಬಂದ ಗಾಡಿಗಳಿವು. ಬಹುಪಾಲು 248.5 ಸಿಸಿ, ಒಂದೇ ಬೋರ್ (ಸಿಲಿಂಡರ್), ಎರಡು ಸೈಲೆನ್ಸರ್, ಟೂ ಸ್ಟ್ರೋಕ್. ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಬಿಚ್ಚಿ ಕಟ್ಟಲು ಇದಕ್ಕಿಂತ ಸುಲಭದ ಎಂಜಿನ್ ಸಿಗುವುದು ಕಷ್ಟ.

ಆದರೂ ಬಹಳ ಮಂದಿ ಎಡವುತ್ತಾರೆ, ಅದೂ ಒಂದೇ ಜಾಗದಲ್ಲಿ. ಗಾಡಿ ಮನೆಗೆ ಬಂದ ವಾರದಲ್ಲೇ ಬಣ್ಣಕ್ಕೆ ಕೊಡುತ್ತಾರೆ, ಕ್ರೋಮ್ ಮಾಡಿಸುತ್ತಾರೆ, ಹೊಸ ಸೀಟು ಹಾಕಿಸುತ್ತಾರೆ. ಪೆಟ್ರೋಲ್ ಟಾಕಿಯ ಬಾಯಿಗೆ ಟಾರ್ಚ್ ಹಿಡಿದು ಒಳಗೆ ನೋಡುವುದೇ ಇಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಿರಮಿರ ಮಿಂಚುವ ಗಾಡಿ ರಸ್ತೆ ಮಧ್ಯೆ ನಿಲ್ಲುತ್ತದೆ, ಕಾರ್ಬೋರೇಟರ್ ಬಿಚ್ಚಿದರೆ ತಳದಲ್ಲಿ ಕೆಂಪು ಕೆಸರು.

ಹಂತ 1: ಕಾಗದಪತ್ರ

ಆರ್‌ಸಿಯಲ್ಲಿನ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತವೆಯೇ ನೋಡಿ. ತಾಳೆಯಾಗದಿದ್ದರೆ ಅಲ್ಲಿಗೇ ಕೈಬಿಡಿ, ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದಿಡಿ, ಆಮೇಲೆ ಬೇಕಾಗುತ್ತದೆ. ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. ಐವತ್ತು ವರ್ಷ ದಾಟಿದ ಗಾಡಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಆ ನಂಬರಿನ ಗಾಡಿಯನ್ನು ದಿನಾ ಗಂಜ್‌ಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಮಾತ್ರ. ದಿನಬಳಕೆಗೆ ಬೇಕೆಂದರೆ ಮಾಮೂಲಿ ನವೀಕರಣವೇ ಸರಿ.

ಹಂತ 2: ಬಿಚ್ಚುವುದು

ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತ ಬಿಚ್ಚಿ. ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ, ಬೇರೆ ಬೇರೆ ಪಾಕೀಟಿನಲ್ಲಿ ಹಾಕಿ ಹೆಸರು ಬರೆಯಿರಿ. ಕೆಳಗೆ ಶಹಾಬಾದ್ ಫರಸಿ ಇದ್ದರೆ ಒಳ್ಳೆಯದು, ಬಿದ್ದ ಸಣ್ಣ ಸ್ಪ್ರಿಂಗೂ ಕಣ್ಣಿಗೆ ಬೀಳುತ್ತದೆ. ಹಳೆ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿಡಿ. ತಲೆ ಸವೆದ ಸ್ಕ್ರೂಗೆ ಇಂಪ್ಯಾಕ್ಟ್ ಡ್ರೈವರ್ ಬೇಕು, ಉಳಿ ಇಟ್ಟು ಬಡಿದರೆ ಅಲ್ಯೂಮಿನಿಯಂ ಕವರ್ ಸೀಳುತ್ತದೆ.

ಹಂತ 3: ಪೆಟ್ರೋಲ್ ಟಾಕಿ

ಇಲ್ಲಿ ಅವಸರ ಬೇಡ. ಪೂರ್ತಿ ಎರಡು ದಿನ ಇದಕ್ಕೇ ಇಡಿ, ಅದೂ ಬೇಸಿಗೆಯಲ್ಲೇ. ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲು ಬೇರೆ ಯಾವ ಕೆಲಸಕ್ಕೂ ಹಿತವಲ್ಲ, ಈ ಕೆಲಸಕ್ಕೆ ಮಾತ್ರ ವರ. ಮಳೆಗಾಲದಲ್ಲಿ ಟಾಕಿ ತೊಳೆಯಲೇಬೇಡಿ.

ಗ್ಯಾರೇಜಿನಲ್ಲಿ ಕೇಳಿದರೆ ಒಂದೇ ಉತ್ತರ: “ಬಾತ್‌ರೂಮ್ ಆ್ಯಸಿಡ್ ಹಾಕ್ರಿ ಸಾಹೇಬ್ರ, ಹತ್ತು ನಿಮಿಷದಾಗ ಬೆಳ್ಳಗಾಗ್ತದ.” ಬೆಳ್ಳಗಾಗುವುದು ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ತುಕ್ಕಿನ ಜೊತೆ ಗಟ್ಟಿ ತಗಡನ್ನೂ ತಿನ್ನುತ್ತದೆ, ಬೆಸುಗೆಯ ಅಂಚುಗಳನ್ನು ತೆಳುವಾಗಿಸುತ್ತದೆ, ಅದರ ಹಬೆ ಪಕ್ಕದಲ್ಲಿಟ್ಟ ಪಾನಾಗಳಿಗೂ ಜಂಗು ಹಿಡಿಸುತ್ತದೆ. ಅದರ ಉಪ್ಪು ಟಾಕಿಯ ಮಡಿಕೆಗಳಲ್ಲಿ ಉಳಿದರೆ ಮುಂದೆ ತುಕ್ಕು ದುಪ್ಪಟ್ಟು ವೇಗದಲ್ಲಿ ಮರಳುತ್ತದೆ. ಬೇಕಾದದ್ದು ಸಿಟ್ರಿಕ್ ಆ್ಯಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿ. ಲೀಟರ್ ನೀರಿಗೆ 80 ಗ್ರಾಂ ಲೆಕ್ಕ, ಅಂದರೆ ಒಂದು ಟಾಕಿಗೆ ಹೆಚ್ಚುಕಡಿಮೆ ಒಂದು ಕಿಲೊ.

ಆದರೆ ಅದಕ್ಕೂ ಮೊದಲು ಹಳೆ ಪೆಟ್ರೋಲ್ ಗೋಂದು ಹೋಗಬೇಕು. ವರ್ಷಗಟ್ಟಲೆ ಕೂತ ಪೆಟ್ರೋಲ್ ಆವಿಯಾಗಿ ತಳದಲ್ಲಿ ಬೆಲ್ಲದ ಪಾಕದಂಥ ಅಂಟು ಬಿಟ್ಟಿರುತ್ತದೆ. ಅದರ ಕೆಳಗಿನ ತುಕ್ಕನ್ನು ಯಾವ ಹುಳಿಯೂ ಮುಟ್ಟುವುದಿಲ್ಲ. ‘ನಿಂಬೆ ಉಪ್ಪು ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರೆಲ್ಲ ಈ ಅಂಟನ್ನು ತೆಗೆಯದೆ ಹಾಕಿದವರೇ. ಪೆಟ್ರೋಲ್ ಕಾಕ್ ಬಿಚ್ಚಿ, ಆ ತೂತಿಗೆ ಸರಿಯಾದ ಚೂಡಿಯ (ತಿರುಪಿನ ಗೆರೆಯ) ಬೋಲ್ಟನ್ನು ಚರ್ಮದ ವಾಷರ್ ಜೊತೆ ಬಿಗಿಯಿರಿ. ಬಿರಡೆ ತುರುಕಬೇಡಿ, ಬಿಸಿ ನೀರಿಗೆ ಕಳಚಿಕೊಳ್ಳುತ್ತದೆ. ಕುದಿಯುವ ನೀರಿಗೆ ನೂರು ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ ತುಂಬಿ, ಒಂದು ತಾಸು ಬಿಟ್ಟು ಚೆಲ್ಲಿ. ಹೀಗೆ ಎರಡು ಸಲ. ಮೂಗಿಗೆ ಹಳೆ ಪೆಟ್ರೋಲಿನ ಕಮಟು ಬಡಿಯುತ್ತಿದ್ದರೆ ಮೂರನೇ ಸಲ.

ಈಗ ಒಳಗಿನ ಹಕ್ಕಳೆ ಸಡಿಲಿಸಬೇಕು. ಜಲ್ಲಿಕಲ್ಲು ಹಾಕಿ ಕುಲುಕುವ ರೂಢಿ ಇದೆ, ಅದು ಬೇಡ. ಯೆಜ್ಡಿ ಟಾಕಿಯ ಕೆಳಭಾಗದಲ್ಲಿ ಚೌಕಟ್ಟಿನ ಪೈಪು ಕೂರಲು ಸುರಂಗದಂಥ ಉಬ್ಬು ಇರುತ್ತದೆ. ಕಲ್ಲು ಅದರ ಬದಿಗೆ ಸಿಕ್ಕಿಕೊಂಡರೆ ಜೀವಮಾನವಿಡೀ ಗಡಗಡ ಅನ್ನುತ್ತಿರುತ್ತದೆ. ಅದರ ಬದಲು ಎಂ6 ನಟ್ಟುಗಳನ್ನು ಎಣಿಸಿ ಮೂವತ್ತು ಹಾಕಿ, ಎಣಿಸಿ ಮೂವತ್ತು ಹೊರಗೆ ತೆಗೆಯಿರಿ. ಜೊತೆಗೆ ಅರ್ಧ ಲೀಟರ್ ಡೀಸೆಲ್. ಮುಚ್ಚಳ ಬಿಗಿದು, ಟಾಕಿಗೆ ಹಳೆ ಕೌದಿ ಸುತ್ತಿ ಮಗುವನ್ನು ತೊಡೆಯ ಮೇಲೆ ಮಲಗಿಸಿದ ಹಾಗೆ ಇಟ್ಟುಕೊಂಡು ಎಡಕ್ಕೂ ಬಲಕ್ಕೂ ಹೊರಳಿಸಿ. ಒಂದೊಂದು ಬದಿಗೆ ಹತ್ತು ನಿಮಿಷ. ಕಪ್ಪು ಕೆಂಪು ಪುಡಿ ಬರುವುದು ನಿಲ್ಲುವವರೆಗೆ ಡೀಸೆಲ್ ಸೋಸಿ ಮತ್ತೆ ಅದನ್ನೇ ಬಳಸಿ. ಕೊನೆಗೆ ಸೋಪು ನೀರಿನಿಂದ ಜಿಡ್ಡು ತೆಗೆಯಿರಿ.

ನಂತರ ನಿಂಬೆ ಉಪ್ಪಿನ ನೀರು. ಕೈ ಅದ್ದಿದರೆ ತಾಳದಷ್ಟು ಬಿಸಿ ಇರಲಿ. ಅಂಚಿನವರೆಗೂ ತುಂಬಿ, ಏಕೆಂದರೆ ಮೇಲಿನ ಮೈಗೇ ಹೆಚ್ಚು ತುಕ್ಕು ಹತ್ತಿರುತ್ತದೆ. ನಿಂತ ಗಾಡಿಯಲ್ಲಿ ಪೆಟ್ರೋಲ್ ಇಳಿದಂತೆ ಗಾಳಿಯ ತೇವ ಕೂರುವುದು ಅಲ್ಲಿಯೇ. ಹಳೆ ಬಣ್ಣ ಉಳಿಸಿಕೊಳ್ಳುವ ಆಸೆಯಿದ್ದರೆ ಬಾಯಿಯ ಸುತ್ತ ಗ್ರೀಸ್ ಬಳಿಯಿರಿ. ಗ್ಯಾಸ್ ಹೊರಹೋಗಬೇಕು, ಆದ್ದರಿಂದ ಮುಚ್ಚಳ ಬಿಗಿಯಬೇಡಿ. ಬಿಸಿಲಲ್ಲಿಡಿ. ಮೂರು ತಾಸಿಗೆ ನೀರು ಹಳದಿ, ಸಂಜೆ ಹೊತ್ತಿಗೆ ಹಸಿರು ಮಿಶ್ರಿತ ಕಪ್ಪು. ಟಾರ್ಚ್ ಬಿಟ್ಟಾಗ ಬೂದುಬಣ್ಣದ ಬರಿ ತಗಡು ಕಂಡರೆ ಮುಗಿಯಿತು. ಎಂಟರಿಂದ ಹನ್ನೆರಡು ತಾಸು ಸಾಕು, ತೀರಾ ಕೆಟ್ಟ ಟಾಕಿಗೆ ಇಪ್ಪತ್ನಾಲ್ಕು. ಅದಕ್ಕೂ ಮೀರಿ ಬಿಟ್ಟರೆ ಇದೂ ತಗಡು ತಿನ್ನಲು ಶುರುಮಾಡುತ್ತದೆ.

ಎಲ್ಲರೂ ಮಾಡಿದ್ದನ್ನೆಲ್ಲ ಹಾಳು ಮಾಡಿಕೊಳ್ಳುವುದು ಇದರ ಮುಂದಿನ ಹದಿನೈದು ನಿಮಿಷದಲ್ಲಿ. ಹುಳಿನೀರು ಚೆಲ್ಲಿದ ಬರಿ ತಗಡು ಗಾಳಿ ತಾಗಿದ ಕ್ಷಣದಿಂದ ಕೆಂಪಾಗತೊಡಗುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಬಣ್ಣ. ಹಾಗಾಗಿ ಮೊದಲೇ ಎಲ್ಲ ಸಿದ್ಧವಿರಲಿ: ಒಂದು ಬಕೆಟ್ ಅಡುಗೆ ಸೋಡಾ ನೀರು (ಲೀಟರಿಗೆ 25 ಗ್ರಾಂ), ಎರಡು ಕ್ಯಾನ್ ಶುದ್ಧ ಕುಡಿಯುವ ನೀರು, ಬಿಸಿಗಾಳಿಯ ಬ್ಲೋಯರ್, 300 ಎಂಎಲ್ ಪೆಟ್ರೋಲಿಗೆ 100 ಎಂಎಲ್ 2ಟಿ (ಟೂ ಸ್ಟ್ರೋಕ್ ಎಂಜಿನ್) ಆಯಿಲ್ ಬೆರೆಸಿದ ಬಾಟಲಿ. ಬೋರ್‌ವೆಲ್ ನೀರು ಬೇಡ. ಸೇಡಂ, ಚಿತ್ತಾಪುರ ಕಡೆ ನೆಲದಡಿ ಇರುವುದು ಸುಣ್ಣದ ಕಲ್ಲು. ಆ ಗಡಸು ನೀರಿನ ಸುಣ್ಣ ನಿಂಬೆ ಉಪ್ಪಿನೊಂದಿಗೆ ಸೇರಿ ಬಿಳಿ ಪುಡಿಯಾಗಿ ಒಳಗೆ ಕೂರುತ್ತದೆ. ಹುಳಿನೀರು ಚೆಲ್ಲಿದ ಕೂಡಲೇ ಸೋಡಾ ನೀರು ಸುರಿಯಿರಿ, ನೊರೆ ಉಕ್ಕುತ್ತದೆ, ಆಗಲೂ ಮುಚ್ಚಳ ಹಾಕಬೇಡಿ. ಹತ್ತು ನಿಮಿಷ ಹೊರಳಿಸಿ ಚೆಲ್ಲಿ, ಕ್ಯಾನ್ ನೀರಿನಿಂದ ಎರಡು ಸಲ ತೊಳೆದು, ತಲೆಕೆಳಗು ಹಿಡಿದು, ತಕ್ಷಣ ಬ್ಲೋಯರ್ ಹಚ್ಚಿ. ಕೊನೆಯ ತೇವ ಹೋಗುವವರೆಗೆ ನಿಲ್ಲಿಸಬೇಡಿ. ಪೆಟ್ರೋಲ್ ಮಿಶ್ರಣವನ್ನು ಬ್ಲೋಯರ್ ಆರಿಸಿ, ಟಾಕಿ ಪೂರ್ತಿ ತಣ್ಣಗಾದ ಮೇಲಷ್ಟೇ ಹಾಕಬೇಕು. ಬಿಸಿ ತಗಡು, ಬ್ಲೋಯರ್ ಕಿಡಿ, ಪೆಟ್ರೋಲ್ ಆವಿ ಮೂರೂ ಕೂಡಿದರೆ ಟಾಕಿ ಬಾಂಬ್ ಆಗುತ್ತದೆ. ಆ ಎಣ್ಣೆಯನ್ನು ಒಳಗೆಲ್ಲ ಹೊರಳಿಸಿ ಹಾಗೇ ಬಿಡಿ.

ಟಾಕಿಯ ಒಳಗೆ ಬಳಿಯುವ ಸೀಲರ್ ಎಂದು ಡಬ್ಬಿಗಳು ಸಿಗುತ್ತವೆ. ತೂತಿಲ್ಲದಿದ್ದರೆ ಹಾಕಬೇಡಿ. ಈಗ ಬಂಕ್‌ನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್. ಅಗ್ಗದ ಸೀಲರ್ ಅದಕ್ಕೆ ಉಬ್ಬಿ, ಹಾವಿನ ಪೊರೆಯಂತೆ ಸುಲಿದು ಕಾಕ್‌ಗೆ ಅಡ್ಡ ಬರುತ್ತದೆ. ಸುಲಿದ ಸೀಲರನ್ನು ಹೊರಗೆ ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಹತ್ತು ಪಟ್ಟು ತ್ರಾಸು. ಸೂಜಿಮೊನೆ ತೂತಿದ್ದರೆ ರೇಡಿಯೇಟರ್ ರಿಪೇರಿಯವರ ಹತ್ತಿರ ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ, ತೂತಿನ ಮಟ್ಟದವರೆಗೆ ನೀರು ತುಂಬಿಸಿಯೇ ಬೆಂಕಿ ಹಿಡಿಸಿ. ಎಥನಾಲ್ ಹಳೆ ರಬ್ಬರನ್ನೂ ಬಿಡುವುದಿಲ್ಲ, ಪೆಟ್ರೋಲ್ ಪೈಪು ಮತ್ತು ಕಾಕ್‌ನ ವಾಷರ್ ಈಗಲೇ ಹೊಸದು ಹಾಕಿ.

ಹಂತ 4: ಜಾಮಾದ ಎಂಜಿನ್

ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಜಾಮಾದ ಎಂಜಿನ್ ಮೇಲೆ ಆ ಲಿವರ್ ಹತ್ತಿ ನಿಂತರೆ ಪಿಸ್ಟನ್ ಬಿಡುವುದಿಲ್ಲ, ಒಳಗಿನ ಹಲ್ಲು ಮುರಿಯುತ್ತದೆ. ಪ್ಲಗ್ ತೆಗೆದು 50 ಎಂಎಲ್‌ನಷ್ಟು ಡೀಸೆಲ್, 2ಟಿ ಆಯಿಲ್ ಸಮಸಮ ಬೆರೆಸಿ ಬಿಡಿ. ಪಿಸ್ಟನ್ ಕೆಳಗೆ ನಿಂತಿದ್ದರೆ ಅದು ಪೋರ್ಟಿನಿಂದ (ಬೋರಿನ ಗೋಡೆಯ ಕಿಂಡಿಯಿಂದ) ಸೋರಿಹೋಗುತ್ತದೆ, ಹಾಗಾಗಿ ದಿನಾ ಮತ್ತೆ ಹಾಕಬೇಕು. ಸೈಲೆನ್ಸರ್ ಬಿಚ್ಚಿ ಪೋರ್ಟಿನೊಳಗೆ ಟಾರ್ಚ್ ಹಿಡಿದರೆ ಪಿಸ್ಟನ್ ಮೈ, ಕೆಲವೊಮ್ಮೆ ರಿಂಗ್ ಕೂಡ ಕಣ್ಣಿಗೆ ಕಾಣುತ್ತದೆ. ನಾಲ್ಕು ದಿನದ ಮೇಲೆ ಬಲಗಡೆ ಕವರ್ ತೆಗೆದು ಕ್ರ್ಯಾಂಕ್ ತುದಿಯ ಬೋಲ್ಟಿಗೆ ಪಾನಾ ಹಚ್ಚಿ, ಬಿಗಿಯುವ ದಿಕ್ಕಿಗೆ ಮಾತ್ರ, ಮೆಲ್ಲಗೆ ಒತ್ತಿ. ಕೂದಲೆಳೆಯಷ್ಟು ಅಲ್ಲಾಡಿದರೆ ಸಾಕು, ಮತ್ತೆ ಎಣ್ಣೆ, ಮತ್ತೆ ಒಂದು ದಿನ.

ಬಿಟ್ಟುಕೊಂಡ ಮೇಲೆ ಹಾಗೇ ಸ್ಟಾರ್ಟ್ ಮಾಡುವ ಚಪಲ ಬೇಡ, ಬೋರ್ ಎತ್ತಿ ನೋಡಿ. ಎತ್ತುವಾಗ ತಿರುಗಿಸಬಾರದು. ಟೂ ಸ್ಟ್ರೋಕ್ ರಿಂಗ್‌ಗೆ ಗುಬ್ಬಿ (ತಿರುಗದಂತೆ ತಡೆಯುವ ಸಣ್ಣ ಮೊಳೆ) ಇರುತ್ತದೆ, ತಿರುಗಿಸಿದರೆ ರಿಂಗ್ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಕ್ರ್ಯಾಂಕ್ ಬಾಯಿಗೆ ಬಟ್ಟೆ ತುರುಕಿಯೇ ಪಿಸ್ಟನ್ ಪಿನ್ ಹಿಡಿದಿಡುವ ಸರ್ಕ್ಲಿಪ್ ತೆಗೆಯಿರಿ. ಹಳೆ ಸರ್ಕ್ಲಿಪ್ ಮರಳಿ ಹಾಕಬೇಡಿ. ಪಿನ್ ಬರದಿದ್ದರೆ ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್‌ಗೆ ಸುತ್ತಿ, ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ರೀಬೋರ್ (ಸವೆದ ಬೋರನ್ನು ತುಸು ದೊಡ್ಡದಾಗಿ ಕೊರೆಸುವುದು) ಬೇಕೆಂದರೆ ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇಥ್‌ನವರ ಕೈಗೆ ಕೊಟ್ಟು, ಅದಕ್ಕೆ ತಕ್ಕಂತೆ ಕೊರೆಸಿ. ಮೂಲ ಅಳತೆ 65 ಎಂಎಂ, ಮುಂದೆ 0.25ರಂತೆ ಏರುತ್ತದೆ. ‘ಎಲ್ಲ ಯೆಜ್ಡಿಗೂ ನಡೀತದ’ ಎಂದು ಪೆಟ್ಟಿಗೆಯ ಮೇಲೆ ಹೆಸರಿಲ್ಲದೆ ಬರುವ ಪಿಸ್ಟನ್ ತೆಗೆದುಕೊಳ್ಳಬೇಡಿ, ಬಿಸಿಗೆ ಹೆಚ್ಚು ಹಿಗ್ಗಿ ಮೊದಲ ಏರಿನಲ್ಲೇ ಹಿಡಿದುಕೊಳ್ಳುತ್ತದೆ. ಕೊರೆದ ಬೋರನ್ನು ಪೋರ್ಟ್ ಅಂಚು ತುಸು ಮೊಂಡು ಮಾಡಿಸಿ ತನ್ನಿ. ಬರಿ ಡೀಸೆಲ್‌ನಲ್ಲಿ ತೊಳೆದರೆ ಬೋರ್ ಉಜ್ಜಿದ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಸಿ ನೀರು, ಸೋಪು, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆದು, ಕೂಡಲೇ ಎಣ್ಣೆ ಸವರಿ.

ಕ್ರ್ಯಾಂಕ್‌ನ ಆಯಿಲ್ ಸೀಲ್‌ಗಳು ನೋಡಲು ಚೆನ್ನಾಗಿದ್ದರೂ ಬದಲಿಸಿ. ನಿಂತ ಗಾಡಿಯ ಸೀಲ್ ಒಣಗಿ ಪ್ಲಾಸ್ಟಿಕ್ಕಿನಂತಾಗಿರುತ್ತದೆ. ಗೇರ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಅಪಾಯ ಹೆಚ್ಚು: ಹೊರಗಿನ ಗಾಳಿ ನುಗ್ಗಿ, ಎಕ್ಸಲೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತಲೇ ಇರುತ್ತದೆ. ಜನ ಇದನ್ನು ಕಾರ್ಬೋರೇಟರ್ ದೋಷ ಎಂದುಕೊಂಡು ಸ್ಕ್ರೂ ತಿರುಗಿಸುತ್ತ ಕೂರುತ್ತಾರೆ, ಅಷ್ಟರಲ್ಲಿ ಹೊಸ ಪಿಸ್ಟನ್ ಹಿಡಿದುಕೊಂಡಿರುತ್ತದೆ.

ಹಂತ 5: ಕಾರ್ಬೋರೇಟರ್, ಕರೆಂಟ್

ಜೆಟ್‌ಗೆ (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ) ತಂತಿ ಚುಚ್ಚಬೇಡಿ, ಕಸಬರಿಗೆ ಕಡ್ಡಿ ಸಾಕು. ಕಿಡಿ ಹೊತ್ತು ನೋಡಿ ಕೊಡಿಸುವ ಪಾಯಿಂಟಿನ ಸಂದು 0.4 ಎಂಎಂ, ಪ್ಲಗ್ 0.6. ಕಂಡೆನ್ಸರ್ ಹಳೆಯದಿದ್ದರೆ ಎಸೆಯಿರಿ. ಕಿಡಿ ನೀಲಿಯಾಗಿ ಚಟ್ ಎನ್ನಬೇಕು, ಹಳದಿ ಕಿಡಿಯನ್ನು ನಂಬಬೇಡಿ. ಅರ್ಥ್ ವೈರ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ತಗಡು ಕಾಣಿಸಿ, ‘ಲೈಟ್ ಮಂದ’ ಎಂಬ ದೂರಿನ ಬಹುಪಾಲು ಇಷ್ಟಕ್ಕೇ ಹೋಗುತ್ತದೆ.

ಹಂತ 6: ಟೈರ್, ಬ್ರೇಕ್

ಟೈರ್ ಬದಿಯ ನಾಲ್ಕಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇರಲಿ, ಬೇಡ. ಬ್ರೇಕ್ ಶೂಗೆ ಅಂಟಿಸಿದ ಲೈನರ್ ಕಳಚಿ ಡ್ರಮ್ಮಿನೊಳಗೆ ಸಿಕ್ಕರೆ ಚಕ್ರವೇ ಜಾಮಾಗುತ್ತದೆ, ಆದ್ದರಿಂದ ಹೊಸ ಶೂ ಹಾಕಿ.

ಹಂತ 7: ಬಣ್ಣ

ಎಂಜಿನ್ ಒಮ್ಮೆ ಓಡಿದ ಮೇಲಷ್ಟೇ. ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸುವುದಾದರೆ ಚೂಡಿಗಳಿಗೆ, ಹ್ಯಾಂಡಲ್ ಬಟ್ಟಲುಗಳಿಗೆ, ಮುಖ್ಯವಾಗಿ ಚಾಸಿ ನಂಬರಿಗೆ ಟೇಪ್ ಸುತ್ತಿಸಿ. ದಪ್ಪ ಪದರ ನಂಬರ್ ಮುಚ್ಚಿದರೆ ಆರ್‌ಟಿಒ ಕಚೇರಿಯಲ್ಲಿ ಪೆನ್ಸಿಲ್ ಅಚ್ಚು ಮೂಡುವುದಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಅಂಗಳದಲ್ಲಿ ಸ್ಪ್ರೇ ಮಾಡಬೇಡಿ, ಹೊಟ್ಟಿನ ದೂಳೆಲ್ಲ ಬಣ್ಣದ ಮೇಲೆ ಕೂರುತ್ತದೆ. ಕ್ರೋಮ್‌ನ ಸಣ್ಣ ಜಂಗಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮುದ್ದೆ ಮಾಡಿ ನೀರು ಹಚ್ಚಿ ತಿಕ್ಕಿದರೆ ಸಾಕು.

ಹಂತ 8: ಮೊದಲ ಓಟ

ಮೊದಲ 500 ಕಿ.ಮೀ.ಗೆ ಲೀಟರ್ ಪೆಟ್ರೋಲಿಗೆ 50 ಎಂಎಲ್ 2ಟಿ ಆಯಿಲ್, ಆಮೇಲೆ 40. ಮೊದಲ ದಿನ ಎರಡೆರಡು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಹೀಗೆ ಮೂರು ಸಲ. ನಂತರ ಗಂಟೆಗೆ 50 ಕಿ.ಮೀ. ದಾಟಬೇಡಿ, ಒಂದೇ ವೇಗದಲ್ಲೂ ಹಿಡಿದಿಡಬೇಡಿ. ನೂರು ಕಿ.ಮೀ. ಆದ ಮೇಲೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಹೆಡ್ ನಟ್ಟುಗಳನ್ನು ಎದುರುಬದುರಾಗಿ ಒಮ್ಮೆ ಬಿಗಿಮಾಡಿ. ಬಿಸಿ ಇರುವಾಗ ಪಾನಾ ಹಚ್ಚಿದರೆ ಹೆಡ್ ಬಾಗುತ್ತದೆ.