ಮೆಚ್ಚಿನ ಊರಿಗೆ ಮತ್ತೆ, ಒಬ್ಬರೇ: ಕೋಲ್ಕತ್ತದಲ್ಲಿ ಮೊದಲೆರಡು ದಿನ ಹೀಗಿರಲಿ

ಒಮ್ಮೆ ನೋಡಿ ಮನಸೋತ ಊರಿಗೆ ಮತ್ತೆ ಹೋಗುವವರಿಗೆ ಒಂದು ಅನುಕೂಲ ಇದೆ. ನೋಡಲೇಬೇಕಾದ ಜಾಗಗಳೆಲ್ಲ ಹೋದ ಸಲವೇ ಮುಗಿದಿರುತ್ತವೆ. ಒಬ್ಬರೇ ಹೋದರೆ ‘ಮುಂದೆ ಎಲ್ಲಿಗೆ?’ ಅಂತ ಕೇಳುವವರೂ ಇಲ್ಲ. ಆದರೂ ನಾವು ಬ್ಯಾಗ್ ಇಳಿಸಿದ ಗಂಟೆಯೊಳಗೆ ಓಡಾಟ ಶುರು ಮಾಡುತ್ತೇವೆ, ಅಲ್ವಾ? ಕೋಲ್ಕತ್ತದಲ್ಲಂತೂ ಹಾಗೆ ಓಡಿ ಪ್ರಯೋಜನವಿಲ್ಲ. ಅಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ತೆಗೆಯುವುದೇ ಹತ್ತು–ಹನ್ನೊಂದು ಗಂಟೆಗೆ. ಊರೇ ಆರಾಮಾಗಿರುವಾಗ ನಮಗೇಕೆ ಅವಸರ?

ಟಿಕೆಟ್ ಮಾಡುವಾಗ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ದುರ್ಗಾಪೂಜೆಯ ವೈಭವ ಒಮ್ಮೆ ನೋಡಬೇಕಾದ್ದೇ, ಆದರೆ ಸುಮ್ನೆ ಇರಬೇಕು ಅನ್ನುವವರಿಗೆ ಆ ವಾರ ಬೇಡ. ಬೆಂಗಳೂರಿನಿಂದ ಹೌರಾಕ್ಕೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ದಿನ ಹಿಡಿಯುತ್ತದೆ. ಸಾಧ್ಯವಾದರೆ ಭಾನುವಾರ ಇಳಿಯಿರಿ, ರಸ್ತೆ ಖಾಲಿ ಇರುತ್ತದೆ. ಮರುದಿನ ಸೋಮವಾರ ವಿಕ್ಟೋರಿಯಾ ಮೆಮೋರಿಯಲ್‌ನ ಮ್ಯೂಸಿಯಂಗೆ ರಜೆ. ನಾವು ಹೇಗೂ ಅಲ್ಲಿಗೆ ಹೋಗುವುದಿಲ್ಲ, ನಷ್ಟವಿಲ್ಲ.

ರೂಮನ್ನು ಉತ್ತರ–ದಕ್ಷಿಣ ಮೆಟ್ರೊ ಮಾರ್ಗದ ಹತ್ತಿರ ಹಿಡಿಯಿರಿ. 1984ರಲ್ಲಿ ಶುರುವಾದ ದೇಶದ ಮೊದಲ ಮೆಟ್ರೊ ಇದೇ. ಪಾರ್ಕ್ ಸ್ಟ್ರೀಟ್, ಕಾಳಿಘಾಟ್, ರವೀಂದ್ರ ಸರೋಬರ್ ಸುತ್ತಮುತ್ತ ಎಲ್ಲಾದರೂ ಸರಿ. ಹೋದ ಸಲದ ಲಾಡ್ಜ್ ಚೆನ್ನಾಗಿದ್ದರೆ ಅದೇ ಇರಲಿ. ಕತ್ತಲಾದ ಮೇಲೆ ದಾರಿ ಹುಡುಕುವ ತಾಪತ್ರಯ ಇರುವುದಿಲ್ಲ.

ಇಳಿದ ದಿನ: ಹೊಳೆ ದಂಡೆ ಸಾಕು

ಸ್ನಾನ, ಊಟ, ನಿದ್ದೆ. ಆಮೇಲೆ ಒಂದೇ ಕೆಲಸ, ಹೂಗ್ಲಿ ನದಿ. ಆದರೆ ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆಯವರು ಆರು ಗಂಟೆವರೆಗೂ ಬೆಳಕಿರುತ್ತದೆ ಅಂದುಕೊಂಡು ಹೊರಡುತ್ತಾರೆ. ಡಿಸೆಂಬರ್‌ನಲ್ಲಿ ಅಲ್ಲಿ ಐದರ ಹೊತ್ತಿಗೇ ಸೂರ್ಯ ಮುಳುಗಿರುತ್ತಾನೆ. ಹಾಗಾಗಿ ನಾಲ್ಕಕ್ಕೇ ಬಾಬುಘಾಟ್‌ನಲ್ಲಿರಿ.

ಅಲ್ಲಿಂದ ಹೌರಾಕ್ಕೆ ಫೆರಿ ಹತ್ತಿ. ಟಿಕೆಟ್‌ಗೆ ಚಿಲ್ಲರೆ ಕಾಸು ಸಾಕು, ಆದರೆ ಆ ಚಿಲ್ಲರೆ ನಿಮ್ಮ ಹತ್ತಿರ ಇರಬೇಕು. ಈ ಊರಿನಲ್ಲಿ ಐನೂರರ ನೋಟು ತೆಗೆದರೆ ಯಾರ ಮುಖವೂ ಅರಳುವುದಿಲ್ಲ. ಒಳಗೆ ಕೂರಬೇಡಿ, ಕಂಬಿ ಹಿಡಿದು ಅಂಚಿನಲ್ಲಿ ನಿಲ್ಲಿ. 1943ರಲ್ಲಿ ಓಡಾಟಕ್ಕೆ ತೆರೆದ ಹೌರಾ ಸೇತುವೆ ನಿಧಾನಕ್ಕೆ ಹತ್ತಿರವಾಗುತ್ತದೆ. ಅಷ್ಟು ದೊಡ್ಡ ಉಕ್ಕಿನ ರಾಶಿಗೆ ನದಿಯಲ್ಲಿ ಒಂದು ಕಂಬವೂ ಇಲ್ಲ. ನಟ್ಟು, ಬೋಲ್ಟೂ ಇಲ್ಲ, ಎಲ್ಲ ರಿವೆಟ್ ಹೊಡೆದೇ ಜೋಡಿಸಿದ್ದು.

ವಾಪಸ್ ಬರುವಾಗ ಫೆರಿ ಬೇಡ, ಹೌರಾ ಸ್ಟೇಷನ್ನಿನಿಂದ ಎಸ್‌ಪ್ಲನೇಡ್‌ಗೆ ಮೆಟ್ರೊ ಹಿಡಿಯಿರಿ. 2024ರ ಮಾರ್ಚ್‌ನಲ್ಲಿ ಶುರುವಾದ ಈ ಮಾರ್ಗ ನದಿಯ ತಳದಡಿಯಲ್ಲಿ ಸಾಗುತ್ತದೆ. ಈಗಷ್ಟೇ ಮೇಲೆ ದಾಟಿ ಬಂದ ನೀರಿನ ಕೆಳಗೆ ಒಂದು ನಿಮಿಷದೊಳಗೆ ದಾಟಿ ಮುಗಿದಿರುತ್ತದೆ. ಹಳೇ ಪರಿಚಯದ ಊರಿನಲ್ಲಿ ಏನು ಬದಲಾಗಿದೆ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಉತ್ತರ ಬೇಕಿಲ್ಲ. ಭಾನುವಾರ ಮೆಟ್ರೊ, ಫೆರಿ ಎರಡೂ ಕಡಿಮೆ. ಸಮಯ ನೋಡಿಕೊಂಡು ಹೊರಡಿ.

ಎರಡನೇ ದಿನ: ಒಂದೇ ಬೀದಿ

ಬೆಳಿಗ್ಗೆ ಕಚೋರಿ–ಆಲೂ ಪಲ್ಯ ಮಾಡುವ ಅಂಗಡಿ ಹುಡುಕಿ. ಪ್ರತಿ ಬಡಾವಣೆಯಲ್ಲೂ ಒಂದಾದರೂ ಇರುತ್ತದೆ. ಬಾಣಲೆಯಿಂದ ಎತ್ತಿ ನೇರ ಎಲೆ ದೊನ್ನೆಗೆ ಹಾಕುತ್ತಾರೆ, ಬೆಂಗಾಲಿ ಕಚೋರಿ ನಮ್ಮ ಪೂರಿಯಷ್ಟೇ ಮೆತ್ತಗೆ. ಮಾಂಸ, ಮೀನು ತಿನ್ನದವರು ‘ನಿರಾಮಿಷ್’ ಅಂತ ಕೇಳಿದರೆ ಸಾಕು. ಆಮೇಲೆ ಮಣ್ಣಿನ ಪುಟ್ಟ ಕಪ್ಪಿನಲ್ಲಿ ಚಹಾ. ಭಾಂಡ್ ಅನ್ನುತ್ತಾರೆ. ನಾಲ್ಕೇ ಗುಟುಕು, ಒಣ ಮಣ್ಣಿನ ಅಂಚು ತುಟಿಗೆ ಸ್ವಲ್ಪ ಅಂಟುತ್ತದೆ. ಸಾಲಲಿಲ್ಲವೆಂದರೆ ಇನ್ನೊಂದು ಕುಡಿಯಿರಿ, ಅಲ್ಲಿಯವರೂ ಅದನ್ನೇ ಮಾಡುತ್ತಾರೆ.

ಹನ್ನೊಂದರ ಮೇಲೆ ಮಹಾತ್ಮ ಗಾಂಧಿ ರೋಡ್ ಸ್ಟೇಷನ್‌ನಲ್ಲಿಳಿದು ಕಾಲೇಜ್ ಸ್ಟ್ರೀಟ್‌ಗೆ ನಡೆಯಿರಿ. ಫುಟ್‌ಪಾತಿನುದ್ದಕ್ಕೂ ಪುಸ್ತಕದ ಗೂಡಂಗಡಿಗಳು. ಭಾನುವಾರ ಇಲ್ಲಿ ಹೆಚ್ಚಿನವು ಮುಚ್ಚಿರುತ್ತವೆ, ಅದಕ್ಕೇ ಸೋಮವಾರ ಬರಲು ಹೇಳಿದ್ದು. ಕೊಳ್ಳಲೇಬೇಕು ಅಂತಿಲ್ಲ. ಕೊಂಡರೂ ಒಂದೇ ಸಾಕು, ಅದನ್ನು ಓದಲು ಜಾಗವೂ ಪಕ್ಕದಲ್ಲೇ ಇದೆ.

ಅದು ಇಂಡಿಯನ್ ಕಾಫಿ ಹೌಸ್. ಮೆಟ್ಟಿಲು ಹತ್ತಿ ಹೋಗಬೇಕು. ಎತ್ತರದ ಚಾವಣಿ, ಉದ್ದ ಕೊಳವೆಗೆ ನೇತುಬಿದ್ದ ಫ್ಯಾನು, ಬಿಳಿ ಸಮವಸ್ತ್ರ, ತಲೆಗೆ ರುಮಾಲು ಸುತ್ತಿದ ಮಾಣಿಗಳು, ಕಿವಿ ತುಂಬ ಮಾತು. ಮೇಲೆ ಸುತ್ತಲೂ ಬಾಲ್ಕನಿ ಇದೆ. ಒಬ್ಬರೇ ಬಂದವರಿಗೆ ನನ್ನ ಸಲಹೆ ಆ ಬಾಲ್ಕನಿಯೇ. ಇಡೀ ಹಾಲ್ ಕಾಣುತ್ತದೆ, ನಿಮ್ಮನ್ನು ಯಾರೂ ನೋಡುವುದಿಲ್ಲ. ಕಾಫಿ? ಚಿಕ್ಕಮಗಳೂರು ಕಡೆಯವರು ಆಸೆ ಇಟ್ಟುಕೊಳ್ಳದಿರುವುದು ವಾಸಿ. ಹಾಲಿಲ್ಲದ ‘ಇನ್‌ಫ್ಯೂಷನ್’ ತೆಗೆದುಕೊಂಡು ಬೇಕಾದಷ್ಟು ಹೊತ್ತು ಕೂತಿರಿ.

ಹಿಂದಿರುಗುವಾಗ ಒಂದು ಸಿಹಿ ಅಂಗಡಿ. ನಮ್ಮಲ್ಲಿ ಕಾಲು ಕೆಜಿಗಿಂತ ಕಡಿಮೆ ಕೇಳಲು ಸಂಕೋಚ. ಇಲ್ಲಿ ಲೆಕ್ಕವೆಲ್ಲ ಬಿಡಿ ಬಿಡಿಯಾಗಿಯೇ. ಒಂದೇ ಸಂದೇಶ್ ಕೇಳಿ, ಪುಟ್ಟ ತಟ್ಟೆಯಲ್ಲಿ ಕೊಡುತ್ತಾರೆ, ನಿಂತೇ ತಿನ್ನಬಹುದು. ಚಳಿಗಾಲವಾದರೆ ನೊಲೆನ್ ಗುಡ್ ಹಾಕಿದ್ದನ್ನೇ ಕೇಳಿ. ಖರ್ಜೂರದ ಮರದಿಂದ ಇಳಿಸಿದ ರಸದ ಹೊಸ ಬೆಲ್ಲ ಅದು. ಬೇಸಿಗೆಯಲ್ಲಿ ಹೋದರೆ ಆ ರುಚಿ ಸಿಗುವುದಿಲ್ಲ.

ಟ್ರಾಮ್ ಕಂಡರೆ ಹತ್ತಿ, ಆದರೆ ಅದನ್ನು ನಂಬಿ ದಿನದ ಯೋಜನೆ ಹಾಕಬೇಡಿ. 1902ರಿಂದ ವಿದ್ಯುತ್ತಿನಲ್ಲಿ ಓಡುತ್ತಿರುವ ಈ ಗಾಡಿಗಳಿಗೆ ಈಗ ಉಳಿದಿರುವುದು ಬೆರಳೆಣಿಕೆಯ ಮಾರ್ಗಗಳು.

ಮನೆ ಊಟ ನೆನಪಾದರೆ

ಲೇಕ್ ಮಾರ್ಕೆಟ್ ಕಡೆ ಹೋಗಿ. ದಕ್ಷಿಣದವರು ಬಹಳ ಹಿಂದೆಯೇ ನೆಲೆಸಿದ ಜಾಗ. ಇಡ್ಲಿ, ಫಿಲ್ಟರ್ ಕಾಫಿ ಎರಡೂ ಸಿಗುತ್ತವೆ. ಅಷ್ಟು ದೂರ ಹೋಗಿ ಇಡ್ಲಿ ತಿನ್ನುವುದಾ ಅಂತ ನಾಚಿಕೆ ಪಡಬೇಕಾಗಿಲ್ಲ.

ಪರಿಚಯದವರಿಗೆ ಫೋನ್ ಯಾವಾಗ?

ಎರಡನೇ ದಿನ ರಾತ್ರಿ, ಅದಕ್ಕಿಂತ ಮೊದಲು ಬೇಡ. ಬಂದಿದ್ದೀರಿ ಅಂತ ಗೊತ್ತಾದರೆ ಬಂಗಾಳಿ ಗೆಳೆಯರು ಊಟಕ್ಕೆ ಕರೆಯದೆ ಬಿಡುವುದಿಲ್ಲ. ಒಂದು ಮನೆಗೆ ಹೋದರೆ ಇನ್ನೊಂದು ಮನೆಯವರಿಗೆ ಬೇಜಾರು. ಮೂರನೇ ದಿನದಿಂದ ನಿಮ್ಮ ಟೈಮ್‌ಟೇಬಲ್ ಅವರ ಕೈಯಲ್ಲಿ.