ಕಡಲ ತೇವದಲ್ಲಿ ಹೆಣಿಗೆ: ಮನೆಯ ಸಾಮಾನಿನಲ್ಲೇ ಆಗುವ ಉಪಾಯಗಳು

ಕಾರವಾರದಿಂದ ಭಟ್ಕಳದವರೆಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ ಬೀಳುವುದೇ ಅಪರೂಪ. ಹಾಗಂತ ಹೆಣಿಗೆಗೆ ಕೆಲಸ ಕಡಿಮೆಯೇನಿಲ್ಲ. ಹುಟ್ಟಿದ ಕೂಸಿಗೆ ಕುಲಾವಿ, ಕಾಲುಚೀಲ ಬೇಕು. ಬಾಗಿಲಿಗೆ ಉಲ್ಲನ್ ತೋರಣ ಬೇಕು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿರುವ ನೆಂಟರಿಗೆ ಸ್ವೆಟರ್ ಬೇಕು. ಕೂತು ಹೆಣೆಯಲು ಪುರುಸೊತ್ತು ಸಿಗುವುದು ಮಳೆಗಾಲದಲ್ಲಿ. ಕಡ್ಡಿ ತುಕ್ಕು ಹಿಡಿಯುವುದು, ಉಲ್ಲನ್ ಮುಗ್ಗುಲು ವಾಸನೆ ಬರುವುದೂ ಆಗಲೇ. ಆದ್ದರಿಂದ ಇಲ್ಲಿ ಯಾವ ಉಪಾಯ ಮಾಡುವ ಮೊದಲೂ ಮೂರು ಸಂಗತಿ ನೋಡಿಕೊಳ್ಳಿ: ದಾರಕ್ಕೆ ತಾಗುವ ವಸ್ತು ನಯವಾಗಿರಬೇಕು, ತುಕ್ಕು ಹಿಡಿಯಬಾರದು, ಬಣ್ಣ ಬಿಡಬಾರದು. ಒಂದು ತಪ್ಪಿದರೂ ಹತ್ತು ರೂಪಾಯಿ ಉಳಿಸಲು ಹೋಗಿ ಇಡೀ ಉಂಡೆ ಕೆಡುತ್ತದೆ.

ಕಡ್ಡಿಯ ನಂಬರು

ಹಳೆಯ ಡಬ್ಬಿಯಲ್ಲಿರುವ ಕಡ್ಡಿಗಳ ನಂಬರು ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಪದ್ಧತಿಯಲ್ಲಿ ಅಂಕಿ ದೊಡ್ಡದಾದಷ್ಟೂ ಕಡ್ಡಿ ಸಪೂರ: 6 ಅಂದರೆ 5 ಮಿ.ಮೀ., 8 ಅಂದರೆ 4, 10 ಅಂದರೆ 3.25, 11 ಅಂದರೆ 3. ಅಮೆರಿಕದವರ ಲೆಕ್ಕ ಇದಕ್ಕೆ ತಿರುಗಾಮುರುಗ. ಅಲ್ಲಿ 6 ಅಂದರೆ 4 ಮಿ.ಮೀ., 8 ಅಂದರೆ 5. ಅವರ ವಿಡಿಯೋ ನೋಡಿ ಮನೆಯಲ್ಲಿದ್ದ 8ನೇ ನಂಬರ್ ಕಡ್ಡಿ ಎತ್ತಿಕೊಂಡರೆ ಸ್ವೆಟರ್ ಚಿಕ್ಕದಾಗುವುದು ಖಂಡಿತ. ನಂಬರು ಬಿಟ್ಟು ಮಿಲಿಮೀಟರನ್ನೇ ನೋಡಿ.

ಅಳೆಯಲು ಹಳೆಯ ಪ್ಲಾಸ್ಟಿಕ್ ಸ್ಕೇಲ್ ಸಾಕು. ಅದನ್ನು ಎರಡು ಮರದ ತುಂಡುಗಳ ನಡುವೆ ಬಿಗಿಯಾಗಿ ಹಿಡಿದು 3, 3.5, 4, 4.5, 5 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ ತೂತು ಹಾಕಿಸಿ. ಬರೀ ಸ್ಕೇಲಿಗೆ ಡ್ರಿಲ್ ಒತ್ತಿದರೆ ಬಿರುಕು ಬಿಡುತ್ತದೆ. ಕಡ್ಡಿ ಅಲುಗಾಡದೆ, ಒತ್ತಾಯವಿಲ್ಲದೆ ಹೊಕ್ಕ ತೂತೇ ಅದರ ಅಳತೆ.

ಬಿದಿರಿನ ಕಡ್ಡಿ

ಬೆವರುವ ಕೈಗೆ ಅಲ್ಯೂಮಿನಿಯಂ ಕಡ್ಡಿ ಅಂಟುತ್ತದೆ, ಕೆಲವೊಮ್ಮೆ ಬೆರಳು ಕಪ್ಪಾಗುತ್ತದೆ. ಉಕ್ಕಿನ ಸೈಕಲ್ ಕಡ್ಡಿಯಲ್ಲಿ ಸಣ್ಣ ಕಾಲುಚೀಲ ಹೆಣೆಯಬಹುದು, ಅದು ಸುಮಾರು 2 ಮಿ.ಮೀ. ದಪ್ಪ. ಆದರೆ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಕರಾವಳಿಗೆ ಬಿದಿರೇ ಸರಿ.

ಬಲಿತು ನೆರಳಲ್ಲಿ ಚೆನ್ನಾಗಿ ಒಣಗಿದ ಬಿದಿರು ಬೇಕು. ಎರಡು ಗಿಣ್ಣುಗಳ ನಡುವೆ 32 ಸೆಂ.ಮೀ. ನೇರ ತುಂಡು ಸಿಗುವಂತೆ ಆರಿಸಿ. ಗಿಣ್ಣಿನ ಬಳಿ ನಾರು ಓರೆಯಾಗಿರುವುದರಿಂದ ಕಡ್ಡಿ ಅಲ್ಲೇ ಮುರಿಯುತ್ತದೆ. ಸಿಪ್ಪೆಯ ಕಡೆಯ ಭಾಗ ಗಟ್ಟಿ, ಒಳಗಿನ ಬಿಳಿ ಭಾಗ ಮೆತ್ತಗೆ. ಆದ್ದರಿಂದ ಹೆರೆಯುವಾಗ ಹೆಚ್ಚು ಒಳಭಾಗವನ್ನೇ ತೆಗೆಯಿರಿ. ಮೊದಲು 6 ಮಿ.ಮೀ. ಚೌಕದ ಸೀಳು ಮಾಡಿಕೊಂಡು ಕತ್ತಿಯಿಂದ ನಾಲ್ಕು ಮೂಲೆ ಕೆತ್ತಿ, ಆಮೇಲೆ ತಿರುಗಿಸುತ್ತ ದುಂಡಗೆ ಹೆರೆಯಿರಿ. ಸ್ಕೇಲಿನ 4.5ರ ತೂತಿನಲ್ಲಿ ತೂರುವಷ್ಟಾದಾಗ ಕತ್ತಿ ಕೆಳಗಿಟ್ಟು ಪಾಲಿಶ್ ಪೇಪರ್ ಹಿಡಿಯಿರಿ: 120, 220, 400, ಕೊನೆಗೆ 600 ನಂಬರಿನದು. ಉಜ್ಜುವುದು ಉದ್ದಕ್ಕೇ ಇರಲಿ, ಅಡ್ಡಕ್ಕೆ ಉಜ್ಜಿದ ಗೀರಿಗೆ ಉಲ್ಲನ್ ಸಿಕ್ಕಿಕೊಳ್ಳುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಮೊದಲ ಮಳೆಗೆ ನಾರು ಏಳುತ್ತದೆ. ಅದಕ್ಕೆ ಕಡ್ಡಿಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಎದ್ದ ನಾರನ್ನು ಮತ್ತೆ 600ರಲ್ಲಿ ಉಜ್ಜಿ. ಇದನ್ನು ಎರಡು ಸಲ ಮಾಡಿದರೆ ಸಾಕು. ಆಮೇಲೆ ಬಿಳಿ ಮೇಣದಬತ್ತಿ ತಿಕ್ಕಿ, ಹತ್ತಿ ಬಟ್ಟೆಯಲ್ಲಿ ಕೈ ಬಿಸಿಯಾಗುವಷ್ಟು ಉಜ್ಜಿ. ತೆಂಗಿನೆಣ್ಣೆ ಹಚ್ಚಬೇಡಿ, ಅದು ಕಮಟು ವಾಸನೆ ಬರುತ್ತದೆ ಮತ್ತು ಉಲ್ಲನ್ನಿಗೆ ಇಳಿಯುತ್ತದೆ. ಮೊನೆ ಒಂದೂಕಾಲು ಸೆಂ.ಮೀ. ಉದ್ದ ಇರಲಿ, ತುದಿ ತುಸು ಮೊಂಡಾಗಿರಲಿ. ತೀರಾ ಚೂಪಾದರೆ ಎಳೆ ಸೀಳುತ್ತದೆ. ಹಿಂದಿನ ತುದಿಗೆ ಮರದ ಮಣಿ ಅಂಟಿಸಿ. ಅಡಿಕೆಗೆ ತೂತು ಕೊರೆದು ಸಿಗಿಸುವುದು ಚೆಂದ ಕಾಣುತ್ತದೆ ನಿಜ, ಆದರೆ ಒದ್ದೆ ಕೈ ತಾಗಿದರೆ ಅದರ ಚೊಗರು ಬಿಳಿ ಉಲ್ಲನ್ನಿಗೆ ಹಿಡಿಯುತ್ತದೆ. ಉಣ್ಣೆಗೆ ಹಿಡಿದ ಚೊಗರು ಹೋಗುವುದಿಲ್ಲ.

ಚಿಕ್ಕಪುಟ್ಟ ಸಲಕರಣೆ

ಹೆಣಿಗೆಯಲ್ಲಿ ಜಾಗ ಗುರುತಿಡಲು ಕಡ್ಡಿಗೆ ಹಾಕುವ ಬೇರೆ ಬಣ್ಣದ ದಾರದ ಉಂಗುರಕ್ಕಿಂತ ಒಳ್ಳೆಯದು ಬೇರಿಲ್ಲ. ಸೇಫ್ಟಿ ಪಿನ್ ತುಕ್ಕಿನ ಕಲೆ ಬಿಡುತ್ತದೆ. ಜಡೆ ಡಿಸೈನಿಗೆ ಕುಣಿಕೆ ಪಕ್ಕಕ್ಕಿಡಲು ಯು ಆಕಾರದ ಹೇರ್‌ಪಿನ್ ಆಗುತ್ತದೆ, ಪ್ಲಾಸ್ಟಿಕ್ ತುದಿ ಉದುರಿದ್ದರೆ ಬೇಡ. ಕಡ್ಡಿಯಿಂದ ಕುಣಿಕೆ ಜಾರದಂತೆ ಮೊನೆಗೆ ರಬ್ಬರ್ ತುಂಡು ಚುಚ್ಚಿ.

ಸಾಲು ಎಣಿಸಲು ಅಳಗುಳಿಮಣೆ ಇದ್ದರೆ ತೆಗೆಯಿರಿ. ಅದರಲ್ಲಿ 14 ಗುಳಿ. 12 ಸಾಲಿಗೊಮ್ಮೆ ತಿರುಗುವ ಜಡೆಯಾದರೆ 12 ಗುಳಿ ಬಳಸಿ, ಸಾಲು ಮುಗಿದಂತೆ ಒಂದು ಹುಣಸೆ ಬೀಜವನ್ನು ಮುಂದಿನ ಗುಳಿಗೆ ಸರಿಸಿ. ಉಳಿದೆರಡು ಗುಳಿಯಲ್ಲಿ ಎಷ್ಟು ಜಡೆ ತಿರುಗಿತು ಎಂಬ ಲೆಕ್ಕ. ನಡುವೆ ಎದ್ದು ಒಲೆ ನೋಡಿ ಬಂದರೂ ಲೆಕ್ಕ ತಪ್ಪುವುದಿಲ್ಲ.

ಉಂಡೆ ಉರುಳಿಹೋಗದಂತೆ ಚಹಾ ಕೆಟಲಿನಲ್ಲಿಟ್ಟು ದಾರವನ್ನು ಮೂತಿಯಿಂದ ಹೊರಗೆಳೆಯಿರಿ. ಉಂಡೆ ಸುತ್ತುವಾಗ ಎರಡು ಬೆರಳನ್ನು ದಾರದಡಿ ಇಟ್ಟು ಸಡಿಲವಾಗಿ ಸುತ್ತಬೇಕು. ಬಿಗಿಯಾಗಿ ಸುತ್ತಿದ ಉಲ್ಲನ್ ಎಳೆದ ಸ್ಥಿತಿಯಲ್ಲೇ ಹೆಣಿಗೆಗೆ ಬಂದು, ಮೊದಲ ಒಗೆತಕ್ಕೆ ಕುಗ್ಗಿ ಸ್ವೆಟರನ್ನು ಗಿಡ್ಡ ಮಾಡುತ್ತದೆ.

ಗಾಳದ ದಾರದ ರಕ್ಷೆ

ಜಾಲರಿ ಡಿಸೈನಿನಲ್ಲಿ ತಪ್ಪಾದರೆ ಹತ್ತು ಸಾಲು ಬಿಚ್ಚಬೇಕು, ಬಿಚ್ಚಿದ ಮೇಲೆ ಕುಣಿಕೆ ಹುಡುಕುವುದು ಕಷ್ಟ. ಇದಕ್ಕೆ ಕಾರವಾರದಲ್ಲಿ ಮೀನಿನ ಗಾಳ ಮಾರುವ ಅಂಗಡಿಯ ನೈಲಾನ್ ದಾರವೇ ಮದ್ದು. 0.4 ಅಥವಾ 0.5 ಮಿ.ಮೀ. ದಪ್ಪದ್ದು ತನ್ನಿ. ಹೆಣಿಗೆಯ ಅಗಲಕ್ಕಿಂತ 30 ಸೆಂ.ಮೀ. ಹೆಚ್ಚು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಸರಿಯಾಗಿದೆ ಎಂದು ಖಾತ್ರಿಯಾದ ಸಾಲಿನಲ್ಲಿ ಕಡ್ಡಿಯ ಮೇಲಿರುವ ಒಂದೊಂದೇ ಕುಣಿಕೆಯೊಳಗೆ ಕಡ್ಡಿಯ ಕೆಳಗಿಂದ ತೂರಿಸಿ. ಎಳೆಯನ್ನು ಚುಚ್ಚಬಾರದು, ಗುರುತಿನ ಉಂಗುರದೊಳಗೂ ಹೋಗಬಾರದು, ಹೋದರೆ ಉಂಗುರ ಅಲ್ಲೇ ಸಿಕ್ಕಿಬೀಳುತ್ತದೆ. ನೈಲಾನ್ ಜಾರುವುದರಿಂದ ಎರಡೂ ತುದಿಗೆ ಗುಂಡಿ ಕಟ್ಟಿ. ತಪ್ಪಾದಾಗ ಕಡ್ಡಿ ಎಳೆದು ಬಿಚ್ಚುತ್ತ ಬಂದರೆ ಹೆಣಿಗೆ ಆ ದಾರದ ಬಳಿ ತಾನಾಗಿ ನಿಲ್ಲುತ್ತದೆ, ಅದೇ ದಾರಿಯಲ್ಲಿ ಕಡ್ಡಿ ತೂರಿಸಿದರಾಯಿತು. ಹತ್ತಿ ನೂಲಿನ ರಕ್ಷೆ ಉಲ್ಲನ್ನಿಗೆ ಅಂಟಿಕೊಂಡು ಜುಂಗು ಬಿಡುತ್ತದೆ. ನೈಲಾನ್ ಒಂದೇ ಎಳೆತಕ್ಕೆ ಸ್ವಚ್ಛವಾಗಿ ಹೊರಬರುತ್ತದೆ.

ಹಳೇ ಸ್ವೆಟರ್ ಬಿಚ್ಚುವುದು

ಬಿಚ್ಚುವ ಮೊದಲು ಒಳಮಗ್ಗುಲಿನ ಹೊಲಿಗೆ ನೋಡಿ. ಅಂಚು ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಬಿಟ್ಟುಬಿಡಿ: ಪ್ರತಿ ಸಾಲೂ ಅಂಚಿನಲ್ಲಿ ತುಂಡಾಗಿರುತ್ತದೆ, ಸಿಗುವುದು ಒಂದೊಂದು ಸಾಲಿನಷ್ಟು ದಾರದ ಚೂರು ಮಾತ್ರ. ಅಂಚಿನಲ್ಲಿ ಕುಣಿಕೆಗಳ ಸರಪಳಿ ಇಡಿಯಾಗಿ ಕಾಣುತ್ತಿದ್ದರೆ ದಾರ ಉದ್ದಕ್ಕೆ ಬರುತ್ತದೆ.

ದಾರ ಕುರಿಯ ಉಣ್ಣೆಯೋ, ಅದರಂತೆ ಕಾಣುವ ಕೃತಕ ನೂಲಾದ ಅಕ್ರಿಲಿಕ್ಕೋ ಎಂದು ತಿಳಿಯಲು ಒಂದು ಬೆರಳುದ್ದ ಎಳೆಯನ್ನು ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಕಪ್ಪು ಗಟ್ಟಿ ಗುಂಡಾದರೆ ಅಕ್ರಿಲಿಕ್.

ಸ್ವೆಟರನ್ನು ಮೊದಲು ಒಗೆದು ಒಣಗಿಸಿ, ಹೊಲಿಗೆ ಬಿಡಿಸಿ, ಹೆಣಿಗೆ ಮುಚ್ಚಿದ ಕಡೆಯಿಂದ, ಅಂದರೆ ಸಾಮಾನ್ಯವಾಗಿ ಕುತ್ತಿಗೆಯಿಂದ ಬಿಚ್ಚಿ. ಕೆಳಗಿನ ಪಟ್ಟಿಯಿಂದ ಶುರುಮಾಡಿದರೆ ಹೆಜ್ಜೆಹೆಜ್ಜೆಗೂ ಗಂಟು. ಬಿಚ್ಚಿದಂತೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಬಿಳಿ ಹತ್ತಿ ನೂಲಿನಲ್ಲಿ ಸಡಿಲವಾಗಿ ಕಟ್ಟಿ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ ಅರ್ಧ ಗಂಟೆ ನೆನೆಸಿ. ಅಂಟುವಾಳದ ನೀರೂ ಆಗುತ್ತದೆ, ಬಿಳಿ ದಾರಕ್ಕೆ ಮಾತ್ರ ಬೇಡ, ಹಳದಿ ಛಾಯೆ ಬರುತ್ತದೆ. ತೊಳೆಯುವ ನೀರೂ ಅಷ್ಟೇ ಬೆಚ್ಚಗಿರಲಿ. ಬಿಸಿಯಿಂದ ತಣ್ಣೀರಿಗೆ ಹಾಕಿ ತಿಕ್ಕಿದರೆ ಉಣ್ಣೆ ಕಂಬಳಿಯಂತೆ ಗಟ್ಟಿಯಾಗುತ್ತದೆ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ನೇತುಹಾಕಿ. ಗುಂಗುರು ಪೂರ್ತಿ ಹೋಗಬೇಕು. ಈ ಕೆಲಸ ಮೇ ತಿಂಗಳೊಳಗೆ ಮುಗಿಯಲಿ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಮಸಿ ಹಿಡಿಯುತ್ತದೆ.

ಉಣ್ಣೆಯ ತುದಿಗಳನ್ನು ನೀರು ತಾಗಿಸಿ ಅಂಗೈಯಲ್ಲಿ ಹೊಸೆದರೆ ಕೂಡಿಕೊಳ್ಳುತ್ತವೆ. ಅಕ್ರಿಲಿಕ್ ಹಾಗೆ ಕೂಡುವುದಿಲ್ಲ, ಅದನ್ನು ಅಂಚಿನಲ್ಲೇ ಬದಲಾಯಿಸಿ. ಮತ್ತೊಂದು ಮಾತು, ಅಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಬೇಡಿ. ಒಮ್ಮೆ ಬಿಸಿ ತಾಗಿ ಜೋಲಾದ ಪಟ್ಟಿ ಮತ್ತೆ ಬಿಗಿಯಾಗದು.

ದಾರ ಸಾಕೋ ಇಲ್ಲವೋ

ಸಾದಾ ಹೆಣಿಗೆಯಲ್ಲಿ ಒಂದು ಸಾಲಿಗೆ ಅಗಲದ ಸುಮಾರು ಮೂರು ಪಟ್ಟು ದಾರ ಬೇಕು. 40 ಸೆಂ.ಮೀ. ಅಗಲಕ್ಕೆ 120 ಸೆಂ.ಮೀ. ಮುಚ್ಚುವ ಸಾಲಿಗೆ ನಾಲ್ಕು ಪಟ್ಟು ಉಳಿಸಿಕೊಳ್ಳಿ. ಶುರುವಿನಲ್ಲಿ ಕಡ್ಡಿಗೆ ಕುಣಿಕೆ ಏರಿಸುವಾಗ ದಾರದ ತುದಿಯಲ್ಲಿ ಎಷ್ಟು ಬಾಲ ಬಿಡಬೇಕೆಂದು ತಿಳಿಯಲು ಕಡ್ಡಿಗೆ ಹತ್ತು ಸುತ್ತು ದಾರ ಸುತ್ತಿ ಬಿಚ್ಚಿ ಅಳೆಯಿರಿ. 100 ಕುಣಿಕೆಗೆ ಅದರ ಹತ್ತು ಪಟ್ಟು, ಮೇಲೆ ಒಂದು ಗೇಣು.

ಮಳೆಗಾಲದ ಕಾವಲು

ಒಗೆಯದ ಹೆಣಿಗೆಯನ್ನು ಎತ್ತಿಡಬೇಡಿ. ಬೆವರು, ಹಾಲಿನ ಕಲೆ ಇದ್ದಲ್ಲೇ ಹುಳ ಉಣ್ಣೆ ತಿನ್ನುವುದು. ಬಿಸಿಲಿಗೆ ಹಾಕಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಚೀಲಗಳನ್ನು ಜೊತೆಗಿಡಿ, ಕಡ್ಡಿಗಳ ಡಬ್ಬಿಗೂ ಒಂದೆರಡು ಹಾಕಿ. ಲಾವಂಚದ ಬೇರು ಒಳ್ಳೆಯ ಪರಿಮಳ ಕೊಡುತ್ತದೆ, ಆದರೆ ಅದೊಂದನ್ನೇ ನಂಬಿದರೆ ಹುಳ ನಿಲ್ಲದು. ಬೇರನ್ನು ತೆಳ್ಳಗಿನ ಬಟ್ಟೆಯಲ್ಲಿ ಕಟ್ಟಿ ಇಡಿ, ಬಿಡಿಯಾಗಿ ಹಾಕಿದರೆ ಅದರ ನಾರು ಹೆಣಿಗೆಯೊಳಗೆ ಹೊಕ್ಕು ಕೂಸಿನ ಮೈಗೆ ಚುಚ್ಚುತ್ತದೆ.