ಬೇವಿನ ಮರದ ನೆರಳಿಗೆ ಕೊನೆಗೂ ನಿಂತ ಗಿಡಗಳು

ಕಲಬುರಗಿಯ ಎರೆ (ಕಪ್ಪು) ಮಣ್ಣು, ಮೇಲೆ ಹಳೆಯ ಬೇವಿನ ಮರ. ಕೆಳಗೆ ನೆಟ್ಟ ದಾಸವಾಳ ಮೊಗ್ಗೇ ಬಿಡಲಿಲ್ಲ. ದೋಷ ಗೊಬ್ಬರದ್ದಲ್ಲ: ಅದಕ್ಕೆ ದಿನಕ್ಕೆ 5–6 ತಾಸು ಬಿಸಿಲು ಬೇಕು. ಸಾಲದ್ದಕ್ಕೆ ಮೇಲ್ಮಣ್ಣಿನ ನೀರನ್ನು ಬೇವಿನ ಬೇರು ಮೊದಲೇ ಹೀರಿಬಿಡುತ್ತದೆ.

ದಟ್ಟ ನೆರಳಿಗೆ ಎಲೆಯ ಅಂದಕ್ಕೆ ಬೆಳೆಸುವ ಅರೇಲಿಯಾ ಹಾಕಿದೆ. ಕೊಂಬೆಗಳ ಅಂಚಿನಲ್ಲಿ, ಮುಂಜಾನೆಯ ಎಳೆಬಿಸಿಲು ಬೀಳುವ ಕಡೆ, ನಂದಬಟ್ಟಲು ಮತ್ತು ಕನಕಾಂಬರ. ಬೇಲಿ ಬದಿಗೆ ಆಡುಸೋಗೆ. ಆಡು ಮುಟ್ಟದ ಸೊಪ್ಪು ಅನ್ನುವುದು ಸುಮ್ಮನಲ್ಲ, ದನ-ಕುರಿಗಳ ಕಾಟವಿಲ್ಲ.

ಕೆಡುವುದು ನೆಡುವಾಗಲೇ. ದೊಡ್ಡ ಸಸಿ ಅಂದರೆ ದೊಡ್ಡ ಗುಂಡಿ, ಮರದ ಬೇರಿಗೆ ಪೆಟ್ಟು. 6 ಇಂಚಿನ ಚೀಲದ ಸಸಿ ಸಾಕು. ಕಾಂಡದಿಂದ 4 ಅಡಿ ಬಿಟ್ಟು ಖುರಪಿಯಿಂದ ಅಗೆಯಿರಿ. ಹೆಬ್ಬೆರಳು ದಪ್ಪದ ಬೇರು ಸಿಕ್ಕರೆ ಕಡಿಯಬೇಡಿ, ಗುಂಡಿಯನ್ನೇ ಪಕ್ಕಕ್ಕೆ ಸರಿಸಿ. 3 ಪಾಲು ಮಣ್ಣಿಗೆ 1 ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಚೆಂದ ಕಾಣಲೆಂದು ಮರದ ಬುಡಕ್ಕೆ ಮಣ್ಣು ಏರಿಸಿ ಕಟ್ಟೆ ಕಟ್ಟಿದರೆ ಬೇರಿಗೆ ಗಾಳಿಯಾಡದೆ ಮರವೇ ಸೊರಗುತ್ತದೆ, ದಯವಿಟ್ಟು ಬೇಡ.

ಮೃಗಶಿರಾ ಮಳೆ ಬಿದ್ದ ಮೇಲೆ ನೆಟ್ಟರೆ ಬೇಸಿಗೆಯೊಳಗೆ ಬೇರೂರುತ್ತವೆ. ಉದುರಿದ ಎಲೆಯನ್ನೇ 2 ಇಂಚು ಹೊದಿಸಿ, ಎರೆ ಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ. ಮೊದಲ ಬೇಸಿಗೆಗೆ 2 ದಿನಕ್ಕೊಮ್ಮೆ ಗಿಡಕ್ಕೆ 5 ಲೀಟರ್ ನೀರು, ನಿಧಾನವಾಗಿ. ಬೆರಳು ಚುಚ್ಚಿದಾಗ ಒಳಗೆ ಹಸಿ ಇದ್ದರೆ ಆ ದಿನ ಬಿಡಿ.